ಒಂದು ಟ್ಯಾಂಕರ್ ಹೆಪ್ಪು

ಜನವರಿ ೯

ಪ್ರೀತಿಯ ಗುಬ್ಬಿ,

ಕೊನೆಗೂ ಗೆದ್ದೆ.

ಪತ್ರಿಕೆಯ ಕಚೇರಿಯಲ್ಲಿ ಕೂತು ಇಡೀ ಆಯುಷ್ಯ ಬೇರೆಯವರ ಕರಡು ತಿದ್ದಿದೆ. ನಿವೃತ್ತಿಯಾದ ಮೇಲೆ ಊರನ್ನು ತಿದ್ದಲು ಹೊರಟೆ. ನಿನ್ನ ಅತ್ತಿಗೆ ಇದನ್ನು ಕಾಯಿಲೆ ಅನ್ನುತ್ತಾಳೆ. ಬೀದಿದೀಪದ ಬಗ್ಗೆ ಬರೆದೆ, ಉತ್ತರವಿಲ್ಲ. ಗ್ರಂಥಾಲಯದ ಸೋರುವ ಮಾಡಿನ ಬಗ್ಗೆ ಬರೆದೆ, ಉತ್ತರವಿಲ್ಲ. ಫೋನ್ ಕಂಪನಿಯವರು ಉತ್ತರ ಕೊಡಲಿಲ್ಲವೆಂದು ಫೋನನ್ನೇ ಕೀಳಿಸಿದೆ. ಅದಕ್ಕೂ ಉತ್ತರ ಬರಲಿಲ್ಲ. ಈ ಸಲ ಮಾತ್ರ ಇಡೀ ಊರು ನನ್ನ ಮಾತು ಕೇಳಿದೆ.

ನಮ್ಮ ಬೀದಿಯ ಮೂಲೆಯ ಮ್ಯಾನ್‌ಹೋಲ್ ನಿನಗೆ ನೆನಪಿದೆಯಲ್ಲ? ಅದರ ಪಕ್ಕ ಹಾದುಹೋಗುವ ಶಾಲೆಯ ಮಕ್ಕಳು ಮೂಗು ಹಿಡಿದು ಓಡುವುದನ್ನೇ ಆಟ ಮಾಡಿಕೊಂಡಿದ್ದರು. ನೋಡಿ ನೋಡಿ ಸಾಕಾಯಿತು. ಒಂದು ಕರಪತ್ರ ಬರೆದೆ. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಪ್ರತಿ ಮನೆಯವರೂ ಬಚ್ಚಲಿನ ಕೊಳವೆಗೆ, ಶೌಚದ ಕೊಳವೆಗೆ ಒಂದೊಂದು ಬಾಟಲಿ ಫಿನಾಯಿಲ್ ಸುರಿಯಬೇಕು. ಎಲ್ಲರೂ ಒಟ್ಟಿಗೆ. ಹಾಗೆ ಮಾಡಿದರೇ ಬಲ. ಹೆಸರು: ‘ಘಮಘಮ ಭಾನುವಾರ’. ಮೂಲೆಯ ಅಂಗಡಿಯವನು, ಅದೇ ಕನ್ನಡಕಕ್ಕೆ ದಾರ ಕಟ್ಟಿಕೊಂಡವನು, ಅಗ್ಗಕ್ಕೆ ಕೊಡಲು ಒಪ್ಪಿದ. ಮ್ಯಾನ್‌ಹೋಲಿಗೆ ಅವನೇ ಒಂದು ಡ್ರಮ್ಮು ಸುರಿಯುತ್ತಾನೆ. ಡಿಸೆಂಬರಿನಲ್ಲಿ ನಮ್ಮ ಒಂದು ಬೀದಿಯಿಂದ ಶುರುವಾದದ್ದು ಈಗ ಊರಿನ ಎಲ್ಲ ಬೀದಿಗೂ ಹಬ್ಬಿದೆ. ಪುರಸಭೆಯ ಅಧ್ಯಕ್ಷರು ಬಂದು ಟೇಪು ಕತ್ತರಿಸಿದರು. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಭಾನುವಾರ ಬೀದಿಯಲ್ಲಿ ನಡೆದರೆ ಆಸ್ಪತ್ರೆಯ ವರಾಂಡದಲ್ಲಿ ನಡೆದ ಹಾಗೆ. ಎಂಥ ಶುಭ್ರ ವಾಸನೆ ಅಂತೀಯ.

ಇನ್ನು ಉಳಿದಿರುವುದು ಹೊಳೆದಂಡೆಯ ಕೊಳಚೆನೀರಿನ ಘಟಕ. ಅದರ ಉದ್ಘಾಟನೆ ನನಗೆ ನಿನ್ನೆ ನಡೆದ ಹಾಗಿದೆ. ಶುದ್ಧವಾದ ನೀರನ್ನು ಮುಖ್ಯ ಅತಿಥಿ ಲೋಟದಲ್ಲಿ ತುಟಿಯವರೆಗೆ ಎತ್ತಿದ, ಫೋಟೊ ಆಯಿತು, ಲೋಟವನ್ನು ಹೂಕುಂಡಕ್ಕೆ ಬಗ್ಗಿಸಿದ. ಆ ಫೋಟೊದ ಅಡಿಬರಹ ತಿದ್ದಿದವನೇ ನಾನು. ಈಗ ಅಲ್ಲಿ ಒಬ್ಬ ಹೊಸ ಹುಡುಗಿ ಇಂಜಿನಿಯರ್ ಬಂದಿದ್ದಾಳೆ. ಯಾವಾಗಲೂ ಮೊಣಕಾಲಿನವರೆಗೆ ರಬ್ಬರ್ ಬೂಟು. ಊರವರು ‘ಬೂಟಿನ ಇಂಜಿನಿಯರಮ್ಮ’ ಅನ್ನುತ್ತಾರೆ. ಬೂಟು ಹಾಕಿದರೆ ಆಯಿತೇ? ಅಲ್ಲಿಂದ ಹೊಳೆಗೆ ಹೋಗುವ ನೀರು ಒಂದು ತಿಂಗಳಿನಿಂದ ಬೂದಿಬಣ್ಣಕ್ಕೆ ತಿರುಗಿದೆ, ಗಬ್ಬು ನಾರುತ್ತಿದೆ. ನಾವು ಮೇಲೆ ಇಷ್ಟು ಸ್ವಚ್ಛ ಮಾಡಿ ಕಳಿಸಿದರೂ ಇವಳು ಕೆಳಗೆ ಹೊಲಸು ಮಾಡಿ ಬಿಡುತ್ತಾಳೆ.

ನೀನೂ ಅಲ್ಲಿ ದೊಡ್ಡ ನಗರದ ಅಂಥದೇ ಘಟಕದ ಪ್ರಯೋಗಾಲಯ ನೋಡಿಕೊಳ್ಳುವವಳು. ಅದಕ್ಕೇ ನಿನಗೇ ಮೊದಲು ಬರೆದೆ. ಹೆಮ್ಮೆಪಡು.

ನಿನ್ನ ಅಣ್ಣ


ಜನವರಿ ೧೭

ಅಣ್ಣ,

ನಿನ್ನ ಪತ್ರವನ್ನು ಬೆಳಿಗ್ಗೆ ಕೆಲಸದ ಜಾಗದಲ್ಲೇ ಓದಿದೆ. ಗಾಳಿ ಊದುವ ಯಂತ್ರಗಳ ಸದ್ದಿನಲ್ಲಿ ನಮಗೆ ಯಾರ ಮಾತೂ ಕೇಳಿಸುವುದಿಲ್ಲ. ಪತ್ರ ಓದಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದೆ.

ಕೆಲವು ಪ್ರಶ್ನೆ ಕೇಳಲೇ? ಭಾನುವಾರ ಏಳಕ್ಕೆ ಎಂದರೆ ನಿಜವಾಗಿಯೂ ಎಲ್ಲರೂ ಏಳಕ್ಕೇ ಸುರಿಯುತ್ತಾರೆಯೇ, ಅಥವಾ ಹಿಂದುಮುಂದು ಆಗುತ್ತದೆಯೇ? ಬಾಟಲಿ ಎಂದರೆ ಯಾವ ಅಳತೆಯದು? ನೀರು ಬೆರೆಸುತ್ತೀರೋ, ಹಾಗೇ ಸುರಿಯುತ್ತೀರೋ? ಹೊಳೆಗೆ ಬೀಳುವ ನೀರಿನ ಬಣ್ಣ ಬದಲಾದದ್ದು ಡಿಸೆಂಬರಿನ ಯಾವ ವಾರದಲ್ಲಿ? ಘಟಕದ ಟ್ಯಾಂಕಿನ ಮೇಲೆ ನೊರೆ ಇದೆಯೇ? ಇದ್ದರೆ ಬಿಳಿಯೋ ಕಂದೋ? ಬೇಲಿಯ ಹೊರಗಿನಿಂದಲೇ ನೋಡಿ ಹೇಳು, ಸಾಕು.

ನಿನಗೆ ಕಣ್ಣು ಚುರುಕು, ಮರೆವು ಇಲ್ಲ. ನೀನು ಬರೆದರೆ ಅದು ಸರಿಯೇ ಇರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

ಅತ್ತಿಗೆಗೆ ಕಾಯಿಲೆಯ ಹೆಸರು ಗೊತ್ತಿದ್ದರೆ ನನಗೂ ಬರೆಯಲು ಹೇಳು. ನಮ್ಮ ವಂಶದಲ್ಲೇ ಇದೆ ಅದು.

ಗುಬ್ಬಿ


ಜನವರಿ ೨೬

ಪ್ರೀತಿಯ ಗುಬ್ಬಿ,

ನಿನ್ನ ಪ್ರಶ್ನೆಗಳನ್ನು ನೋಡಿ ನನಗೆ ತಡೆಯಲಾಗದ ಸಂತೋಷ. ಅತ್ತಿಗೆಗೆ ಗಟ್ಟಿಯಾಗಿ ಓದಿ ಹೇಳಿದೆ. “ನೋಡು, ದೊಡ್ಡ ನಗರದವರೂ ನಮ್ಮಿಂದ ಕಲಿಯೋಕೆ ಹೊರಟಿದ್ದಾರೆ” ಅಂದೆ. “ಅವಳು ಕೇಳಿದ್ದು ಹಾಗಿಲ್ಲ ಅನ್ಸುತ್ತೆ, ಇನ್ನೊಂದ್ಸಲ ಓದಿ” ಅಂದಳು. ಇನ್ನೊಂದು ಸಲ ಓದಿದರೂ ನನಗೆ ಹಾಗೆಯೇ ಕಾಣಿಸಿತು. ನಿಮ್ಮಲ್ಲಿಯೂ ಇದನ್ನು ಶುರು ಮಾಡುವುದಾದರೆ ಅಳತೆ ತಪ್ಪಬಾರದು, ಅದಕ್ಕೇ ಕೇಳಿದ್ದೀ. ಹೇಳುತ್ತೇನೆ, ಬರೆದುಕೋ.

ಸರಿಯಾಗಿ ಏಳಕ್ಕೇ. ಶಾಲೆಯ ಗಂಟೆ ಹೊಡೆಸುತ್ತೇವೆ. ಬಾಟಲಿ ದೊಡ್ಡದು, ಒಂದು ಲೀಟರಿನದು. ನೀರು ಬೆರೆಸುವುದು ಮೋಸ, ಹಾಗೇ ಸುರಿಯಬೇಕು. ಹೊಳೆಯ ನೀರು ಕೆಟ್ಟದ್ದು ಡಿಸೆಂಬರಿನ ಮಧ್ಯದಲ್ಲಿ. ನಮ್ಮ ಅಭಿಯಾನ ಆಗ ಎರಡನೇ ವಾರದಲ್ಲಿತ್ತು, ಅದಕ್ಕೇ ನೆನಪಿದೆ. ನೊರೆ ಇದೆ, ಹತ್ತಿಯ ರಾಶಿಯ ಹಾಗೆ ಬಿಳಿ. ಗಾಳಿಗೆ ಹಾರಿ ಬೇಲಿಗೆ ಅಂಟುತ್ತದೆ.

ಹೊಳೆಯ ವಾಸನೆ ಜಾಸ್ತಿಯಾದದ್ದರಿಂದ ನಾವೂ ಪಟ್ಟು ಬಿಗಿ ಮಾಡಿದ್ದೇವೆ. ಈಗ ಭಾನುವಾರದ ಜೊತೆಗೆ ಬುಧವಾರವೂ ಸುರಿಯುತ್ತೇವೆ. ಹೊಲಸು ಒಂದು ಹೆಜ್ಜೆ ಮುಂದೆ ಬಂದರೆ ನಾವು ಎರಡು ಹೆಜ್ಜೆ ಇಡಬೇಕು.

ಇನ್ನೂ ಎರಡು ಸುದ್ದಿ. ಒಂದು, ನನ್ನ ಹಳೆಯ ಪತ್ರಿಕೆ ನನ್ನ ಲೇಖನ ಹಾಕಿದೆ, ಮೊದಲ ಪುಟದಲ್ಲಿ, ಎಲ್ಲ ಆವೃತ್ತಿಗಳಲ್ಲಿ. ‘ನಿಮ್ಮ ಬೀದಿಯೂ ಘಮಘಮಿಸಲಿ’ ಎಂಬ ತಲೆಬರಹ. ನಿಮ್ಮ ನಗರಕ್ಕೂ ಬಂದಿರುತ್ತದೆ. ಕತ್ತರಿಸಿ ಲಗತ್ತಿಸಿದ್ದೇನೆ. ಎರಡು, ಆ ಘಟಕಕ್ಕೆ ಬೀಗ ಹಾಕಿ, ಇಂಜಿನಿಯರನ್ನು ತೆಗೆಯಬೇಕೆಂದು ಮನವಿ ಬರೆದಿದ್ದೇನೆ. ಮೊದಲ ಸಹಿ ನನ್ನದು, ಆಮೇಲೆ ಅರ್ಧ ಊರಿನದು. ಫೆಬ್ರವರಿ ಇಪ್ಪತ್ತೆಂಟರ ಪುರಸಭೆಯ ಸಭೆಯಲ್ಲಿ ತೀರ್ಮಾನ.

ಮನವಿಯ ಸುದ್ದಿ ತಿಳಿದು ಆ ಹುಡುಗಿ ಮೊನ್ನೆ ಮನೆಗೇ ಬಂದಿದ್ದಳು. ಬೂಟು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಅಷ್ಟು ಸಂಸ್ಕಾರ ಇದೆ.

“ಸಾರ್, ಟ್ಯಾಂಕ್‌ಗೆ ಹುಷಾರಿಲ್ಲ. ಸ್ವಲ್ಪ ಟೈಮ್ ಕೊಡಿ” ಅಂದಳು.

“ಟ್ಯಾಂಕ್ ಏನು ದನವಾ ಕರುವಾ, ಹುಷಾರಿಲ್ಲದೆ ಇರೋಕೆ?” ಅಂದೆ.

“ಹೆಚ್ಚುಕಡಿಮೆ ಹಾಗೇ ಸಾರ್. ಅದಕ್ಕೂ ಹೊಟ್ಟೆ ಇದೆ.”

“ಮತ್ತೆ ಡಾಕ್ಟರ್ ಯಾರು, ನೀನಾ?”

“ನಾನೇ. ಆದ್ರೆ ಭಾನುವಾರ ರಜಾ, ನಮ್ಮೂರಿಗೆ ಹೋಗಿರ್ತೀನಿ. ಸೋಮವಾರ ಬಂದು ನೋಡಿದ್ರೆ ಪ್ರತಿ ಸಲ ರೋಗಿ ಇನ್ನೂ ಕೆಟ್ಟಿರ್ತಾನೆ. ಯಾವುದೋ ಕಾರ್ಖಾನೆಯವರು ಕದ್ದು ಏನೋ ಬಿಡ್ತಿದಾರೆ ಅಂತ ಅನುಮಾನ” ಅಂದವಳು, ಮಾತು ನಿಲ್ಲಿಸಿ ಮೂಗರಳಿಸಿದಳು. ಬಚ್ಚಲ ಕಡೆ ನೋಡಿದಳು. “ಸಾರ್, ಈ ವಾಸನೆ…”

“ಚೆನ್ನಾಗಿದೆ ಅಲ್ವಾ?” ಅಂದೆ.

ಅವಳು ಅತ್ತಿಗೆ ಕೊಟ್ಟ ನೀರು ಕುಡಿದು, ಬೂಟು ಕೈಯಲ್ಲೇ ಹಿಡಿದುಕೊಂಡು ಓಡಿಹೋದಳು. ಸೋತವರು ಹಾಗೆಯೇ.

ಅಣ್ಣ


ಫೆಬ್ರವರಿ ೩

ಅಣ್ಣ,

ಕೂತುಕೊಂಡು ಓದು. ಅತ್ತಿಗೆಯನ್ನೂ ಪಕ್ಕದಲ್ಲಿ ಕೂರಿಸಿಕೋ.

ಆ ಬೂಟಿನ ಹುಡುಗಿ ನಿನ್ನ ಮನೆಯಿಂದ ಓಡಿದ್ದು ಸೋತಲ್ಲ. ಬೀದಿಯ ಕೊನೆ ತಲುಪಿದ ಕೂಡಲೇ ನನಗೆ ಫೋನ್ ಮಾಡಿದಳು. “ಮೇಡಂ, ಕಾರಣ ಸಿಕ್ತು. ಕಾರ್ಖಾನೆ ಅಲ್ಲ, ಇಡೀ ಊರೇ ಸೇರ್ಕೊಂಡು ವಿಷ ಹಾಕ್ತಿದೆ. ಆ ದೊಡ್ಡ ಮನುಷ್ಯರ ಮುಖ ನೋಡಿ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ” ಅಂದಳು. ಅವಳು ನನ್ನ ಪ್ರಯೋಗಾಲಯದಲ್ಲೇ ಎರಡು ವರ್ಷ ಕಲಿತವಳು. ಆ ದೊಡ್ಡ ಮನುಷ್ಯ ನನ್ನ ಅಣ್ಣ ಅಂತ ನಾನು ಅವಳಿಗೆ ಹೇಳಲಿಲ್ಲ. ನನಗಂತೂ ನಿನ್ನ ಮೊದಲ ಪತ್ರದಲ್ಲೇ ಅನುಮಾನ ಬಂದಿತ್ತು. ಆದರೆ ನೀನು ‘ಗೆದ್ದೆ’ ಅಂತ ಬರೆದಿದ್ದೆ. ಎಷ್ಟು ವರ್ಷಕ್ಕೆ ಆ ಮಾತು ಬರೆದಿದ್ದೀ. ಖಾತ್ರಿಯಾಗದೆ ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಈಗ ಖಾತ್ರಿಯಾಗಿದೆ.

ನೀವು ಆ ಟ್ಯಾಂಕನ್ನು ಹೊಲಸಿನ ತೊಟ್ಟಿ ಅಂದುಕೊಂಡಿದ್ದೀರಿ. ನಿಜಕ್ಕೂ ಅದೊಂದು ಕಾಡು. ಗಾಳಿ ಊದಿ ಊದಿ ನಾವು ಅಲ್ಲಿ ಕೋಟಿಗಟ್ಟಲೆ ಜೀವ ಸಾಕುತ್ತೇವೆ. ಮೊದಲ ಸಾಲಿನಲ್ಲಿ ಬ್ಯಾಕ್ಟೀರಿಯಾ ಊಟಕ್ಕೆ ಕೂರುತ್ತವೆ. ನಮ್ಮ ಬಚ್ಚಲಿನಿಂದ ಬಂದದ್ದೆಲ್ಲ ಅವಕ್ಕೆ ಊಟ. ಕೊಳೆಯಿಸುವುದು ಎಂದರೆ ಕೆಡಿಸುವುದಲ್ಲ ಅಣ್ಣ, ಬಿಚ್ಚುವುದು. ಹೆಣೆದದ್ದನ್ನು ಎಳೆ ಎಳೆಯಾಗಿ ಬಿಚ್ಚಿ ಮತ್ತೆ ಮಣ್ಣಿಗೆ, ಗಾಳಿಗೆ, ನೀರಿಗೆ ಹಿಂತಿರುಗಿಸುವುದು. ಎರಡನೇ ಸಾಲಿನಲ್ಲಿ ರೋಮ ಬಡಿಯುತ್ತಾ ಓಡಾಡುವ ಸೂಕ್ಷ್ಮಜೀವಿಗಳು. ಅವು ಚೆಲ್ಲಾಪಿಲ್ಲಿಯಾದ ಬ್ಯಾಕ್ಟೀರಿಯಾಗಳನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಅವುಗಳಲ್ಲಿ ಒಂದಕ್ಕೆ ದಾರದಂಥ ಕಾಲು, ಮೇಲೆ ಗಂಟೆಯಂಥ ಬಾಯಿ. ಯಾರಾದರೂ ಮುಟ್ಟಿದರೆ ಕಾಲು ಸ್ಪ್ರಿಂಗಿನ ಹಾಗೆ ಸುರುಳಿಯಾಗಿ ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಚಾಚಿಕೊಳ್ಳುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಅದರ ಹೆಸರು ಗಂಟೆರಾಯ. ಅದು ಕಂಡರೆ ಟ್ಯಾಂಕ್ ಆರೋಗ್ಯವಾಗಿದೆ ಎಂದರ್ಥ. ಇವರನ್ನು ತಿನ್ನಲು ಮೂರನೇ ಸಾಲಿನಲ್ಲಿ ಚಕ್ರದಂಥ ಬಾಯಿಯವು, ಹುಳುಗಳು. ಮೇಲಿನ ಸಾಲಿನಲ್ಲಿ ಒಂದಕ್ಕೆ ಹೊಟ್ಟೆ ತುಂಬಬೇಕಾದರೆ ಕೆಳಗೆ ಲಕ್ಷಗಟ್ಟಲೆ ಬೇಕು. ಮೇಲಿನವರು ಸತ್ತರೆ ಮತ್ತೆ ಮೊದಲ ಸಾಲಿನವರ ತಟ್ಟೆಗೇ.

ನೀವು ವಾರಕ್ಕೆ ಎರಡು ಸಲ ಗಂಟೆ ಹೊಡೆದು ಈ ಎಲ್ಲ ಸಾಲುಗಳಿಗೂ ವಿಷ ಬಡಿಸಿದ್ದೀರಿ. ತಿನ್ನುವವರೇ ಇಲ್ಲದ ಮೇಲೆ ಹೊಲಸು ಹಾಗೇ ಹೊಳೆಗೆ ಹೋಗುತ್ತದೆ. ವಾಸನೆ ಬಂತೆಂದು ನೀವು ಮತ್ತಷ್ಟು ಸುರಿದಿರಿ.

ಇಪ್ಪತ್ತೆಂಟರಂದು ಬೀಗ ಹಾಕಿದರೆ ಆ ಹೊಳೆಗೆ ಇನ್ನು ಕಾವಲಿಲ್ಲ. ಫಿನಾಯಿಲ್ ನಿಲ್ಲದೆ ನಾನಾಗಲಿ ಅವಳಾಗಲಿ ಏನೂ ಮಾಡುವ ಹಾಗಿಲ್ಲ. ನಿಲ್ಲಿಸಬಲ್ಲವನು ನೀನೊಬ್ಬನೇ.

ಬೈಯಬೇಕೆನಿಸಿದರೆ ಬೈದು ಬರಿ. ಬರೆಯದೆ ಇರಬೇಡ.

ಗುಬ್ಬಿ


ಫೆಬ್ರವರಿ ೧೧

ಅತ್ತಿಗೆ,

ಅಣ್ಣನಿಂದ ಉತ್ತರವಿಲ್ಲ. ನನ್ನ ಪತ್ರ ತಲುಪಿತೇ? ತಲುಪಿದ್ದರೆ ಅವನು ಹೇಗಿದ್ದಾನೆ? ಒಂದು ಸಾಲು ಹಾಕಿ.

ಗುಬ್ಬಿ


ಫೆಬ್ರವರಿ ೧೪

ಪ್ರೀತಿಯ ಗುಬ್ಬಿಗೆ ಅತ್ತಿಗೆ ಬರೆಯುವುದು,

ಪತ್ರ ತಲುಪಿತು. ಓದಿದರು, ಮಡಚಿದರು, ಅಂಗಿಯ ಜೇಬಿಗಿಟ್ಟರು. ಆಮೇಲೆ ಒಂದು ವಾರ ಯಾವ ಕಚೇರಿಗೂ ಒಂದು ದೂರೂ ಬರೆಯಲಿಲ್ಲ. ಅಂಚೆಯವನು ಗಾಬರಿಯಾಗಿ, “ಯಜಮಾನ್ರು ಹುಷಾರಾಗಿದಾರಾ ಅಮ್ಮ?” ಅಂತ ಕೇಳಿದ.

ಬುಧವಾರ ಶಾಲೆಯ ಗಂಟೆ ಹೊಡೆಯಿತು. ಇವರು ಬಾಟಲಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೇ ಇದ್ದರು. “ಏನ್ರೀ, ಸುರೀತೀರಾ ಇಲ್ವಾ?” ಅಂದೆ. “ಅದರಲ್ಲಿ ಗಂಟೆರಾಯ ಅಂತ ಒಬ್ಬ ಇದಾನಂತೆ ಕಣೇ” ಅಂದರು. ಬಾಟಲಿಯ ಮುಚ್ಚಳ ಹಾಕಿ ಕಪಾಟಿನ ಮೇಲಿಟ್ಟರು.

ಈ ಬೆಳಿಗ್ಗೆ ನನ್ನ ಹಳೆಯ ಗಾರ್ಡನ್ ಚಪ್ಪಲಿ ಹಾಕಿಕೊಂಡು ಹೊಳೆಯ ಕಡೆ ಹೋದರು. ತಮ್ಮದು ಹೊಲಸಾಗಬಾರದಂತೆ. ನನ್ನದಾದರೆ ಪರವಾಗಿಲ್ಲ. ಇದರ ಅರ್ಥ ಅವರು ಸರಿಹೋಗುತ್ತಿದ್ದಾರೆ ಅಂತ.

ಅತ್ತಿಗೆ


ಫೆಬ್ರವರಿ ೧೬

ಗುಬ್ಬಿ,

ನಾನು ನೋಡಿದೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದೆ. ಏನೂ ಇರಲಿಲ್ಲ.

ಬೂಟಿನ ಹುಡುಗಿ ನನ್ನನ್ನು ಕಂಡು ಮೊದಲು ಗೇಟಿನ ಬಳಿ ಅಡ್ಡ ನಿಂತಳು. “ಮತ್ತೆ ಸಹಿ ಬೇಕಿತ್ತಾ ಸಾರ್?” ಅಂದಳು. “ನಾನು ನಿಮ್ಮ ಮೇಡಮ್ಮನ ಅಣ್ಣ” ಅಂದೆ. ಅವಳ ಬಾಯಿ ತೆರೆದದ್ದು ಹಾಗೇ ಇತ್ತು. “ಮೇಡಂ ಹೇಳ್ಲೇ ಇಲ್ಲ” ಅಂದಳು. “ನನಗೂ ನಿನ್ನ ವಿಷಯ ಹೇಳಿರಲಿಲ್ಲ. ಅವಳು ಚಿಕ್ಕವಳಿದ್ದಾಗಿಂದ ಹಾಗೇ” ಅಂದೆ. ಇಬ್ಬರೂ ಸೇರಿ ನಿನ್ನನ್ನು ಸ್ವಲ್ಪ ಹೊತ್ತು ಬೈದೆವು. ಅದರಿಂದ ಸ್ನೇಹ ಬೆಳೆಯಿತು.

ಒಂದು ಹನಿ ಗಾಜಿನ ಮೇಲಿಟ್ಟು ತೋರಿಸಿದಳು. ಬೂದಿಬಣ್ಣದ ಚೂರುಗಳು, ಒಂದೂ ಅಲುಗಾಡುವುದಿಲ್ಲ. ಆಮೇಲೆ ಗೋಡೆಗೆ ಅಂಟಿಸಿದ್ದ ನವೆಂಬರಿನ ಚಿತ್ರ ತೋರಿಸಿದಳು, ಇದೇ ಟ್ಯಾಂಕಿನ ಹನಿ. ಗಂಟೆರಾಯರ ಗೊಂಚಲು. ಒಂದೇ ಬುಡಕ್ಕೆ ಕಾಲು ನೆಟ್ಟುಕೊಂಡು ಎಲ್ಲರೂ ಬಾಯಿ ತೆರೆದು ನಿಂತಿದ್ದಾರೆ. ಅದೆಂಥ ಅಂದ. ನಾನು ಹಿಂದೆ ಶಾಲೆಯ ವಿಜ್ಞಾನ ಪುಸ್ತಕವೊಂದರ ಕರಡು ತಿದ್ದಿದ್ದೆ, ಚೆನ್ನಾಗಿ ನೆನಪಿದೆ. ಅದರಲ್ಲಿ ಸಿಂಹಕ್ಕೆ ಅರ್ಧ ಪುಟ. ಈ ಕೊಳೆಯಿಸುವ ಮಹಾನುಭಾವರಿಗೆ ಪುಟದ ಅಡಿಯಲ್ಲಿ ಒಂದು ಸಾಲು, ಅದೂ ಸಣ್ಣ ಅಕ್ಷರದಲ್ಲಿ. ಇದು ಅನ್ಯಾಯ. ಸಿಂಹವಿಲ್ಲದೆ ನಮ್ಮ ಊರು ಇಷ್ಟು ಕಾಲ ನಡೆದಿದೆ. ಇವರಿಲ್ಲದೆ ಎರಡು ತಿಂಗಳು ನಡೆಯಲಿಲ್ಲ. ಆ ಪ್ರಕಾಶಕರಿಗೆ ನಿನ್ನೆಯೇ ಬರೆದೆ.

ಈ ಭಾನುವಾರ ಶಾಲೆಯ ಗಂಟೆ ಹೊಡೆಯಲು ಬಿಡಲಿಲ್ಲ. ಬೀದಿಯ ಮೂಲೆಯಲ್ಲಿ ಮ್ಯಾನ್‌ಹೋಲಿನ ಮುಚ್ಚಳದ ಮೇಲೆಯೇ ನಿಂತೆ. ಎಲ್ಲರೂ ಬಾಟಲಿ ಹಿಡಿದು ಹೊರಗೆ ಬಂದರು.

“ಹೋದ ವಾರ ಸುರೀರಿ ಅಂದ್ರಿ, ಈ ವಾರ ಬೇಡ ಅಂತೀರಿ. ನಿಮ್ಗೆ ಏನಾಗಿದೆ?” ಅಂದ ಎದುರು ಮನೆಯವನು.

“ಹೋದ ವಾರ ನಾನು ದಡ್ಡ” ಅಂದೆ. “ನೀವೂ ನನ್ನ ಮಾತು ಕೇಳಿದ್ರಿ. ಇನ್ನೊಂದ್ಸಲ ಕೇಳಿ.”

ಅಂಗಡಿಯವನು ಡ್ರಮ್ಮು ಉರುಳಿಸಿಕೊಂಡು ಬಂದ. “ಅರ್ಧ ಅಂಗಡಿ ಫಿನಾಯಿಲ್ ಇದೆ ಸ್ವಾಮಿ. ನಾನೇನು ಕುಡೀಲಾ?” ಅಂದ. ನಾನು ಮುಚ್ಚಳದಿಂದ ಇಳಿಯಲಿಲ್ಲ. ಅವನು ಬಗ್ಗಿಸಲು ಬಂದ, ನಾನು ಅಲ್ಲೇ ಕುಕ್ಕರಿಸಿ ಕೂತೆ. ಗುಬ್ಬಿ, ಮ್ಯಾನ್‌ಹೋಲಿನ ಮೇಲೆ ಕೂತು ಹಟ ಮಾಡಿದ ಮುದುಕ ಈ ಊರಿನ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು. ಕೊನೆಗೆ ಅತ್ತಿಗೆ ಮನೆಯಿಂದ ಒಂದು ಮಣೆ ತಂದು, “ನೆಲ ತಣ್ಣಗಿದೆ, ಇದರ ಮೇಲೆ ಕೂತ್ಕೊಳ್ಳಿ, ಎಷ್ಟು ಹೊತ್ತಾಗುತ್ತೋ” ಅಂದಳು. ಎಲ್ಲರೂ ನಕ್ಕರು. ನಗು ಬಂದ ಮೇಲೆ ಜಗಳ ಉಳಿಯಲಿಲ್ಲ. ಬಾಟಲಿಗಳು ಒಳಗೆ ಹೋದವು. ಅಂಗಡಿಯವನು ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಸಂಜೆಯೊಳಗೆ ಉಳಿದ ಬೀದಿಗಳವರೂ ಒಪ್ಪಿದರು, ವಿಷ ನಿಂತಿತು. ಆದರೆ ಟ್ಯಾಂಕಿನಲ್ಲಿ ಬದುಕಿದವರೇ ಇಲ್ಲ. ತಾನಾಗಿ ಹುಟ್ಟಲು ಬಿಟ್ಟರೆ ತಿಂಗಳುಗಳೇ ಬೇಕು, ಅಷ್ಟರಲ್ಲಿ ಇಪ್ಪತ್ತೆಂಟು ಬಂದುಬಿಡುತ್ತದೆ ಅನ್ನುತ್ತಾಳೆ ಹುಡುಗಿ. ನಾನು ಪುರಸಭೆಗೆ ಹೋಗಿ ಮನವಿ ವಾಪಸು ಕೇಳಿದೆ. “ಅರ್ಧ ಊರಿನ ಸಹಿ ಇದೆ, ನಿಮ್ಮೊಬ್ಬರದಾ ಇದು?” ಅಂದರು. ಒಂದೇ ದಾರಿ ಅಂತೆ. ಆರೋಗ್ಯವಾಗಿರುವ ಟ್ಯಾಂಕಿನಿಂದ ಜೀವಂತ ಕೆಸರು ತಂದು ಇಲ್ಲಿ ಬೆರೆಸಬೇಕು.

ಅಮ್ಮ ಮೊಸರು ಕೆಟ್ಟಾಗ ನಿನ್ನನ್ನು ಪಕ್ಕದ ಮನೆಗೆ ಹೆಪ್ಪಿಗೆ ಕಳಿಸುತ್ತಿದ್ದಳು. ನೀನು ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು ಬರುತ್ತಿದ್ದೆ.

ಈಗ ನಾನು ಬಟ್ಟಲು ಹಿಡಿದು ನಿಂತಿದ್ದೇನೆ. ಹೆಪ್ಪು ಕೊಡುತ್ತೀಯಾ?

ಅಣ್ಣ


ಫೆಬ್ರವರಿ ೨೦, ಟ್ಯಾಂಕರ್ ಚಾಲಕನ ಕೈಯಲ್ಲಿ

ಅಣ್ಣ,

ತಗೋ, ಕಳಿಸಿದ್ದೇನೆ.

ನಾವು ದಿನವೂ ಹೆಚ್ಚಾದ ಕೆಸರನ್ನು ತೆಗೆದು ಹೊರಗೆ ಹಾಕುತ್ತೇವೆ. ಇಲ್ಲಿ ಅದು ಕಸ. ಹಾಗಾಗಿ ಮೇಲಿನವರ ಒಪ್ಪಿಗೆ ಬೇಗ ಸಿಕ್ಕಿತು. “ಕಸ ತಾನೇ, ಯಾರಿಗೆ ಬೇಕಾದ್ರೂ ಕೊಡಿ” ಅಂದರು. ಅವರಿಗೆ ಇದರ ಬೆಲೆ ಹೇಳಲು ಹೋಗಲಿಲ್ಲ, ಹೇಳಿದ್ದರೆ ಕಡತ ಹುಟ್ಟುತ್ತಿತ್ತು.

ಒಂದು ಮಾತು ನೆನಪಿಡು. ಮುಚ್ಚಿದ ಟ್ಯಾಂಕರಿನಲ್ಲಿ ಇವು ಉಸಿರು ಹಿಡಿದುಕೊಂಡು ಬರುತ್ತಿವೆ. ಇಳಿಸಲು ಒಂದು ಕ್ಷಣವೂ ತಡವಾಗಬಾರದು, ಗಾಳಿ ಯಂತ್ರ ಮೊದಲೇ ಓಡುತ್ತಿರಲಿ. ದಾರಿಯಲ್ಲಿ ಊಟಕ್ಕೆ ನಿಲ್ಲಬೇಡಿ ಅಂತ ಚಾಲಕನಿಗೆ ಹೇಳಿದ್ದೇನೆ. “ಈ ವಾಸನೆಯಲ್ಲಿ ಊಟ ಯಾರಿಗೆ ಸೇರುತ್ತೆ ಮೇಡಂ” ಅಂದ. ಒಳ್ಳೆಯ ಮನುಷ್ಯ. ಅವನಿಗೆ ಅತ್ತಿಗೆ ಕೈಯ ಅಡುಗೆ ಹಾಕಿಸು.

ತುಂಬುವ ಮೊದಲು ಒಂದು ಹನಿ ನೋಡಿದೆ. ಗಂಟೆರಾಯರು ಮನೆಮಂದಿಯೆಲ್ಲ ಹೊರಟಿದ್ದಾರೆ.

ಗುಬ್ಬಿ


ಮಾರ್ಚ್ ೧

ಗುಬ್ಬಿ, ಗುಬ್ಬಿ,

ಎಲ್ಲಿಂದ ಶುರು ಮಾಡಲಿ?

ಟ್ಯಾಂಕರ್ ಮಧ್ಯಾಹ್ನ ಬಂತು. ಆದರೆ ಹೊಳೆಯ ರಸ್ತೆಗೆ ತಿರುಗುವ ಮೂಲೆಯಲ್ಲಿ ಅಂಗಡಿಯವನ ಸರಕಿನ ಲಾರಿ ಅಡ್ಡ ನಿಂತಿದೆ. ಫಿನಾಯಿಲ್ಲನ್ನು ವಾಪಸು ತುಂಬಿಸುತ್ತಿದ್ದಾನೆ. ಚಾಲಕ ಹಾರ್ನ್ ಒತ್ತುತ್ತಾನೆ, ಅಂಗಡಿಯವನು ಕೇಳಿಸದವನ ಹಾಗೆ ಡಬ್ಬ ಎಣಿಸುತ್ತಾನೆ. ಬೂಟಿನ ಹುಡುಗಿ ಓಡಿಬಂದಳು. “ಅಣ್ಣಾ, ಲಾರಿ ತೆಗೀರಿ, ಒಳಗಿರೋರು ಸಾಯ್ತಾರೆ” ಅಂದಳು. ಅವನು ಬೆಚ್ಚಿಬಿದ್ದ. “ಟ್ಯಾಂಕರ್ ಒಳಗೆ ಜನ ಇದಾರಾ?” ಅಂದ. “ಕೋಟಿಗಟ್ಟಲೆ” ಅಂದೆ ನಾನು. ಆ ಗಾಬರಿಯಲ್ಲಿ ಲಾರಿ ಹಿಂದಕ್ಕೆ ತೆಗೆದುಬಿಟ್ಟ. ಆಮೇಲೆ ವಿಷಯ ತಿಳಿದು ಬೈಯಲು ಹಿಂದೆಯೇ ಬಂದವನು ಕೆಸರು ಇಳಿಯುವುದನ್ನು ಕೊನೆಯವರೆಗೂ ನಿಂತು ನೋಡಿದ. ದಪ್ಪ ಪೈಪಿನಿಂದ ಕಂದು ಕೆಸರು ಬೀಳುವಾಗ ನಾನು ಕಂಬಿ ಹಿಡಿದು ಬಗ್ಗಿ ನಿಂತಿದ್ದೆ. ವಾಸನೆ ಮಳೆ ಬಿದ್ದ ಮಣ್ಣಿನದು, ಗುಬ್ಬಿ. ಹೊಲಸಿನದಲ್ಲ. “ಇದು ನಾರಲ್ವಲ್ಲ” ಅಂದ ಅಂಗಡಿಯವನು. ಐದಾರು ದಿನಗಳ ಮೇಲೆ ನನ್ನ ಜೊತೆ ಅವನಾಡಿದ ಮೊದಲ ನೆಟ್ಟಗಿನ ಮಾತು ಅದು.

ಆಮೇಲೆ ದಿನವೂ ಹೋದೆ. ಮೊದಲು ಕೆಲವು ದಿನ ಸುಮ್ಮನೆ ಕಂದು. ಬಿಳಿ ನೊರೆ ಕರಗಿತು. ಆಮೇಲೆ ಹುಚ್ಚು ಹಿಡಿದವರ ಹಾಗೆ ಈಜಾಡುವವು ಕಂಡವು, ಆಮೇಲೆ ಕೆಸರಿನ ಮುದ್ದೆಯ ಮೇಲೆ ಹರಿದಾಡುವವು. ಮನೆಗೆ ಬಂದು ಅತ್ತಿಗೆಗೆ ಎಲ್ಲ ವರದಿ ಒಪ್ಪಿಸುತ್ತಿದ್ದೆ. “ಮೊಮ್ಮಕ್ಕಳ ವಿಷಯವನ್ನೂ ಇಷ್ಟು ಹೇಳಿರಲಿಲ್ಲ ನೀವು” ಅಂದಳು. ಗಂಟೆರಾಯ ಮಾತ್ರ ಕಾಣಲಿಲ್ಲ. ದಾರಿಯಲ್ಲಿ ಉಸಿರುಗಟ್ಟಿರಬೇಕು ಅಂದಳು ಹುಡುಗಿ, ಮುಖ ಆಚೆ ತಿರುಗಿಸಿಕೊಂಡು.

ಇಪ್ಪತ್ತೆಂಟು ಬಂತು. ಸಭೆಗೆ ಹೊರಡುವ ಮೊದಲು ಅವಳು ಒಂದು ಎತ್ತರದ ಗಾಜಿನ ಕೊಳವೆ ತಂದಳು.

“ಟ್ಯಾಂಕಿನ ನೀರನ್ನ ಇದರಲ್ಲಿ ತುಂಬಿ ಅಲ್ಲಾಡದೆ ಇಟ್ರೆ ಅರ್ಧ ಗಂಟೇಲಿ ಕೆಸರು ಕೆಳಗೆ ಕೂರ್ಬೇಕು ಸಾರ್, ಮೇಲೆ ತಿಳಿನೀರು ನಿಲ್ಬೇಕು. ಟ್ಯಾಂಕ್ ಬದುಕಿದ್ರೆ ಮಾತ್ರ. ನನಗೆ ಅವರು ಎರಡು ನಿಮಿಷಾನೂ ಕೊಡಲ್ಲ. ನೀವು ಅರ್ಧ ಗಂಟೆ ಎಳೀಬೇಕು. ನಿಮ್ಮಿಂದ ಆಗುತ್ತಾ?”

ಅತ್ತಿಗೆ ನಗು ತಡೆಯಲಾರದೆ ಒಳಗೆ ಹೋದಳು. ಬದುಕಿನಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಉದ್ದ ಮಾತಾಡಲು ಕೇಳಿದರು.

ಅಧ್ಯಕ್ಷರ ಮೇಜಿನ ಮೇಲೆ ಕೊಳವೆ ಇಟ್ಟು ನಾನು ಎದ್ದೆ. ಒಳಗೆ ಪೂರ್ತಿ ಕಂದು ರಾಡಿ. “ಇದೇನು ಗಲೀಜು?” ಅಂದರು. “ಹೇಳ್ತೀನಿ, ಕೂತ್ಕೊಳ್ಳಿ” ಅಂದೆ. ಈ ಊರಿನಲ್ಲಿ ಚರಂಡಿ ಬಂದ ವರ್ಷದಿಂದ ಶುರು ಮಾಡಿದೆ. ಹೂಕುಂಡಕ್ಕೆ ಬಗ್ಗಿಸಿದ ಲೋಟದ ಕಥೆ ಹೇಳಿದೆ. ಅದನ್ನು ನೋಡಿದ್ದ ಹಳೆಯ ಸದಸ್ಯರೊಬ್ಬರು ತಲೆಯಾಡಿಸಿದರು. ಬಿಚ್ಚುವವರ ಕಥೆ ಹೇಳಿದೆ, ಊಟದ ಸಾಲುಗಳ ಕಥೆ ಹೇಳಿದೆ. “ಈ ಮನವಿಯ ಮೊದಲ ಸಹಿ ನನ್ನದು. ಟ್ಯಾಂಕ್ ಕೊಂದ ಮೊದಲ ಬಾಟಲಿಯೂ ನನ್ನದೇ. ತೆಗೆಯೋದಾದ್ರೆ ನನ್ನನ್ನ ತೆಗೀರಿ, ಆದ್ರೆ ನಾನು ನಿಮ್ಮ ನೌಕರ ಅಲ್ಲ” ಅಂದೆ. ಯಾರೋ ನಕ್ಕರು. ಆದರೆ ನಾನು ಮಾತಾಡುತ್ತಾ ಕೊಳವೆಯನ್ನೇ ನೋಡುತ್ತಿದ್ದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಮೇಲ್ಗಡೆ ಬೆರಳಿನಷ್ಟು ತಿಳಿಯಾಯಿತು. ಆಮೇಲೆ ಗೇಣಿನಷ್ಟು. ಅಷ್ಟರಲ್ಲಿ ಯಾರೂ ನನ್ನ ಮಾತು ಕೇಳುತ್ತಿರಲಿಲ್ಲ, ಎಲ್ಲರೂ ಎದ್ದು ಮೇಜಿನ ಸುತ್ತ ಬಗ್ಗಿದ್ದರು. ತಿಳಿನೀರಿನ ಆಚೆ ಬೂಟಿನ ಹುಡುಗಿಯ ಮುಖ ಕಾಣುತ್ತಿತ್ತು.

“ನಾನೂ ಸಹಿ ವಾಪಸ್ ತಗೋತೀನಿ” ಅಂತ ಹಿಂದಿನಿಂದ ಒಬ್ಬ ಕೂಗಿದ. ಅಂಗಡಿಯವನು.

ಬೀಗ ಬೀಳಲಿಲ್ಲ. ಹುಡುಗಿ ಇರುತ್ತಾಳೆ. ಇವತ್ತು ಬೆಳಿಗ್ಗೆ ಹೋಗಿ ಹನಿ ನೋಡಿದೆ. ಅಂಚಿನಲ್ಲಿ, ಒಂದು ಚೂರಿಗೆ ಕಾಲು ನೆಟ್ಟುಕೊಂಡು ಅವನು ನಿಂತಿದ್ದ, ಒಬ್ಬನೇ. ನಾನು ಉಸಿರು ಬಿಟ್ಟೆನೋ ಏನೋ, ಮೇಜು ಅಲುಗಿತು. ಚಟ್ಟನೆ ಸುರುಳಿಯಾದ. ಕಾದೆ. ಮೆಲ್ಲಗೆ ಮತ್ತೆ ಚಾಚಿಕೊಂಡ.

ಒಂದು ಬೇಸರ. ಸುರಿಯಬೇಡಿ ಎಂದು ಪತ್ರಿಕೆಗೆ ಮೂರು ಸಲ ತಿದ್ದುಪಡಿ ಕಳಿಸಿದೆ. ಸುರಿಯಿರಿ ಎಂದಾಗ ಮೊದಲ ಪುಟ ಕೊಟ್ಟವರು ಈಗ ಜಾಗವಿಲ್ಲ ಅನ್ನುತ್ತಾರೆ. ಮತ್ತೆ ಬರೆಯುತ್ತೇನೆ.

ಅಣ್ಣ


ಏಪ್ರಿಲ್ ೧೮

ಅಣ್ಣ,

ಇದನ್ನು ಹೇಗೆ ಬರೆಯಲಿ ಎಂದು ಒಂದು ವಾರ ಯೋಚಿಸಿದೆ. ನಮ್ಮ ಮೇಲುಗಡೆಯ ಬಡಾವಣೆಗಳಲ್ಲಿ ‘ಘಮಘಮ ಭಾನುವಾರ’ ಶುರುವಾಗಿದೆ. ನಿನ್ನ ಲೇಖನದ ಪ್ರತಿಯನ್ನು ಮನೆಮನೆಗೆ ಹಂಚಿದ್ದಾರೆ. ಮುಂದಾಳು ನಿನ್ನಂಥವನೇ ಒಬ್ಬ ನಿವೃತ್ತ ಮನುಷ್ಯ, ತುಂಬ ಓದಿದವನು, ನನ್ನ ಮಾತಿಗೆ ಬಗ್ಗುವುದಿಲ್ಲ. ‘ಇದನ್ನು ಬರೆದವರಿಗಿಂತ ನಿಮಗೆ ಜಾಸ್ತಿ ಗೊತ್ತೇ?’ ಅನ್ನುತ್ತಾನೆ.

ನಮ್ಮ ಟ್ಯಾಂಕಿನ ಮೇಲೆ ಬಿಳಿ ನೊರೆ ಬಂದಿದೆ. ಇವತ್ತಿನ ಹನಿಯಲ್ಲಿ ಏನೂ ಅಲುಗಾಡಲಿಲ್ಲ.

ಹೆಪ್ಪು ಇದೆಯೇ?

ಗುಬ್ಬಿ


ಏಪ್ರಿಲ್ ೨೨, ಟ್ಯಾಂಕರಿನ ಮುಂದಿನ ಸೀಟಿನಿಂದ

ಗುಬ್ಬಿ,

ಅಕ್ಷರ ಕುಣಿದರೆ ಕ್ಷಮಿಸು, ರಸ್ತೆ ಹಾಗಿದೆ. ಇದರ ಬಗ್ಗೆಯೂ ಬರೆಯಬೇಕು. ಈ ಪತ್ರವನ್ನು ನಾನೇ ನಿನ್ನ ಕೈಗೆ ಕೊಡುವವನು, ಆದರೂ ಬರೆಯದೆ ಇರಲಾಗುತ್ತಿಲ್ಲ.

ನಿನ್ನ ಪತ್ರ ನಿನ್ನೆ ಸಂಜೆ ಬಂತು. ಬೆಳಗಾಗುವಷ್ಟರಲ್ಲಿ ಹುಡುಗಿ ಟ್ಯಾಂಕರ್ ತುಂಬಿಸಿದ್ದಳು. ಅಂಗಡಿಯವನು ಮೂಲೆಯಲ್ಲಿ ನಿಂತು ಎದುರು ಬರುವ ಗಾಡಿಗಳನ್ನೆಲ್ಲ ತಡೆದು ನಮಗೆ ದಾರಿ ಬಿಡಿಸಿದ. ಇಡೀ ಕ್ಯಾಬಿನ್ ಮಣ್ಣಿನ ವಾಸನೆ. ಚಾಲಕ ಊಟಕ್ಕೆ ನಿಲ್ಲಿಸಲೇ ಅಂದ, ಬೇಡ ಅಂದೆ. ಹಿಂದೆ ಅವರು ಉಸಿರು ಹಿಡಿದಿದ್ದಾರೆ.

ನೀನು ಗಾಳಿ ಯಂತ್ರ ಓಡಿಸಿಟ್ಟಿರು. ಇಳಿಸಿದ ಮೇಲೆ ಸಂಜೆ ಆ ಬಡಾವಣೆಯವರನ್ನೆಲ್ಲ ಒಂದು ಕಡೆ ಸೇರಿಸು, ಆ ನಿವೃತ್ತ ಮನುಷ್ಯನನ್ನು ಮುಂದಿನ ಸಾಲಿನಲ್ಲೇ ಕೂರಿಸು. ಇದನ್ನು ಬರೆದವರು ಬಂದಿದ್ದಾರೆ ಅಂತ ಹೇಳು. ಅತ್ತಿಗೆ ಅರ್ಧ ಗಂಟೆಗೆ ಮೀರಬಾರದು ಅಂತ ತಾಕೀತು ಮಾಡಿ ಕಳಿಸಿದ್ದಾಳೆ.

ಒಂದು ಮೇಜು, ಒಂದು ಗಾಜಿನ ಕೊಳವೆ ಸಾಕು. ಕೆಸರು ಕೆಳಗೆ ಕೂರುವ ತನಕ ನಾನು ಮಾತಾಡುತ್ತೇನೆ.

ಅಣ್ಣ